‘ದೇವರ ಕೆಲಸ’ ಎಂಬ ನಿಮ್ಮ ಲೇಖನದ ಕುರಿತು

ಪ್ರಿಯರೆ,

ಪ್ರಜಾಪ್ರಭುತ್ವದಲ್ಲಿ ಧರ್ಮಕ್ಕೂ ಸರ್ಕಾರಕ್ಕೂ ಇರಬೇಕಾದ ಅಂತರವನ್ನು ಕುರಿತು ನೀವು ಕಳುಹಿಸಿದ ‘ದೇವರ ಕೆಲಸ’ ಎಂಬ ಲೇಖನವನ್ನು ಎರಡು ಬಾರಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಸಾಧ್ಯವಾಗುವುದಿಲ್ಲ. ಇಂಥ ಉತ್ತರಗಳನ್ನು ನಾನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತೇನೆ. ಆದರೆ ನಿಮ್ಮ ಹಸ್ತಪ್ರತಿಯ ಏಳನೆಯ ಪುಟದಲ್ಲಿರುವ ಒಂದು ಚಿಕ್ಕ ಪ್ಯಾರಾ ಮನಸ್ಸಿನಿಂದ ಹೋಗಲಿಲ್ಲವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಆ ಪ್ಯಾರಾದ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಿಧಾನಸೌಧದ ಮುಂಭಾಗದಲ್ಲಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಸಾಲಿನಿಂದ ಆರಂಭವಾಗುವ ನಿಮ್ಮ ಲೇಖನ, ಬೆಂಗಳೂರು ಕರಗದ ಮೆರವಣಿಗೆಗೆ ಬಂದು, ಟಿಪ್ಪು ಸುಲ್ತಾನ ಶೃಂಗೇರಿ ಮಠಕ್ಕೆ ಬರೆದ ಪತ್ರಗಳನ್ನು ನೆನೆದು, ‘ನಮ್ಮ ನೆಲ ಹುಟ್ಟಿನಿಂದಲೇ ಜಾತ್ಯತೀತ’ ಎಂಬ ತೀರ್ಮಾನವನ್ನು ತಲುಪುತ್ತದೆ. ಅಲ್ಲಿಂದ ಇದ್ದಕ್ಕಿದ್ದಂತೆ ಹೊರಳಿ, ಸರ್ಕಾರವು ಧರ್ಮದ ಸಹವಾಸವನ್ನು ಸಂಪೂರ್ಣವಾಗಿ ಬಿಡಬೇಕೆಂದು ಒತ್ತಾಯಿಸಿ ಮುಗಿಯುತ್ತದೆ. ಹುಟ್ಟಿನಿಂದಲೇ ಇರುವ ಗುಣವನ್ನು ಒತ್ತಾಯಿಸಿ ಪಡೆಯಬೇಕಾಗಿ ಬಂದದ್ದೇಕೆ ಎಂದು ಓದುಗರು ಕೇಳಿದರೆ ಲೇಖನದಲ್ಲಿ ಉತ್ತರವಿಲ್ಲ. ನೀವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆದಿರುವುದೇ ಇದಕ್ಕೆ ಕಾರಣ.

ಕರಗ ಹೊತ್ತವರು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದು ಈ ಊರಿನ ಬಹು ದೊಡ್ಡ ಸಂಪತ್ತು. ಆದರೆ ಅದು ಜನರು ಜನರೊಂದಿಗೆ ಬಾಳುವ ರೀತಿ, ಎಂದರೆ ಸೌಹಾರ್ದ. ಟಿಪ್ಪುವಿನ ಪತ್ರಗಳು ಒಬ್ಬ ದೊರೆ ಒಂದು ಮಠಕ್ಕೆ ನೀಡಿದ ಆಶ್ರಯದ ದಾಖಲೆಗಳು. ಆ ಆಶ್ರಯ ದೊರೆಯ ಇಚ್ಛೆಯಿಂದ ಬಂದದ್ದು, ಅವನ ಇಚ್ಛೆ ಬದಲಾದರೆ ನಿಲ್ಲಬಹುದಾದದ್ದು. ಧರ್ಮದಿಂದ ಸರ್ಕಾರ ಕಾಯ್ದುಕೊಳ್ಳಬೇಕಾದ ಅಂತರವು ಇವೆರಡೂ ಅಲ್ಲ. ಅದು ಅಧಿಕಾರ, ತೆರಿಗೆ ಹಣ, ಕಾನೂನು ಈ ಮೂರನ್ನು ಯಾರು ಯಾವುದಕ್ಕೆ ಬಳಸಬಹುದು ಎಂಬ ಪ್ರಶ್ನೆ. ನೆರೆಹೊರೆಯವರು ಪರಸ್ಪರ ಮುಖ ನೋಡದ ಬೀದಿಯಲ್ಲೂ ಸರ್ಕಾರ ಎಲ್ಲರನ್ನೂ ಒಂದೇ ರೀತಿ ಕಾಣಬೇಕಾಗುತ್ತದೆ, ಮತ್ತು ಅಲ್ಲಿಯೇ ಅದರ ಅಗತ್ಯ ಹೆಚ್ಚು. ಸೌಹಾರ್ದವಿದೆ ಎಂದು ತೋರಿಸಿದ ಮಾತ್ರಕ್ಕೆ ಸರ್ಕಾರದ ನಡೆ ಸರಿಯಾಗಿದೆ ಎಂದು ಸಾಧಿಸಿದಂತಾಗುವುದಿಲ್ಲ.

ಈ ಗೊಂದಲ ನಿಮ್ಮ ಪದಗಳಲ್ಲೂ ಇದೆ. ‘ಜಾತ್ಯತೀತ’, ‘ಧರ್ಮನಿರಪೇಕ್ಷ’, ‘ಸರ್ವಧರ್ಮ ಸಮಭಾವ’ ಎಂಬ ಮೂರನ್ನೂ ನೀವು ಒಂದರ ಬದಲು ಇನ್ನೊಂದು ಎಂಬಂತೆ ಬಳಸಿದ್ದೀರಿ. ಕನ್ನಡದಲ್ಲಿ ಇವು ಮೂರು ಬೇರೆ ಬೇರೆ ವಾದಗಳು. ಸಮಭಾವ ಎಂದರೆ ಎಲ್ಲ ಧರ್ಮಗಳಿಗೂ ಸಮನಾದ ಗೌರವ. ಸರ್ಕಾರ ಎಲ್ಲ ಹಬ್ಬಗಳಿಗೂ ಸಮನಾಗಿ ಹಣ ಕೊಟ್ಟರೂ ಅದು ಸಮಭಾವವೇ ಆಗುತ್ತದೆ. ನಿರಪೇಕ್ಷ ಎಂದರೆ ಅಪೇಕ್ಷೆ ಇಲ್ಲದಿರುವುದು, ಅಂದರೆ ಯಾರಿಗೂ ಕೊಡದಿರುವುದು. ಜಾತ್ಯತೀತ ಎಂಬುದಂತೂ ನಮ್ಮಲ್ಲಿ ಮಾತ್ರ ಹೀಗೆ ಬೇರೂರಿದೆ. ಧರ್ಮವನ್ನು ಕುರಿತ ಪ್ರಶ್ನೆಗೆ ಕನ್ನಡಿಗರು ಜಾತಿಯ ಹೆಸರಿನಲ್ಲಿ ಉತ್ತರ ಹುಡುಕಿದ್ದು ಆಕಸ್ಮಿಕವಲ್ಲವೆಂದು ನನಗೆ ಅನ್ನಿಸುತ್ತದೆ. ಅದರ ಜೊತೆಗೆ ‘ಧರ್ಮ’ ಎಂಬ ಪದವೇ ನಮ್ಮಲ್ಲಿ ಬಹು ಅಗಲವಾದದ್ದು: ಧರ್ಮಛತ್ರ, ಧರ್ಮಾಸ್ಪತ್ರೆ, ಧರ್ಮದರ್ಶಿ ಎನ್ನುವಾಗ ಮೂರು ಕಡೆಯೂ ಅರ್ಥ ಒಂದೇ ಅಲ್ಲ. ‘ಸರ್ಕಾರ ಧರ್ಮವನ್ನು ಬಿಡಬೇಕು’ ಎಂದು ನೀವು ಬರೆದರೆ ಅರ್ಧದಷ್ಟು ಓದುಗರು ‘ಸರ್ಕಾರ ನ್ಯಾಯವನ್ನು ಬಿಡಬೇಕು’ ಎಂದು ಓದಿಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಯಾವ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತೀರಿ ಎಂಬುದನ್ನು ಮೊದಲ ಪುಟದಲ್ಲೇ ಹೇಳಿ, ಕೊನೆಯವರೆಗೂ ಅದಕ್ಕೆ ಬದ್ಧರಾಗಿರಿ.

ಸಂಗತಿಗಳಲ್ಲಿ ತಪ್ಪುಗಳಿವೆ. ಬೊಮ್ಮಾಯಿ ಸರ್ಕಾರ ಧರ್ಮದ ಕಾರಣಕ್ಕೆ ವಜಾ ಆಯಿತೆಂದು ನೀವು ಬರೆದಿದ್ದೀರಿ. ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ವಜಾ ಮಾಡಿದ್ದು ಬಹುಮತ ಕಳೆದುಕೊಂಡಿದೆ ಎಂಬ ಕಾರಣ ಹೇಳಿ. ಧರ್ಮದ ಪ್ರಶ್ನೆ ಬಂದದ್ದು 1992ರ ಡಿಸೆಂಬರ್‌ನಲ್ಲಿ, ಬಾಬರಿ ಮಸೀದಿ ಧ್ವಂಸದ ನಂತರ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳಿಂದ. ಎಲ್ಲವನ್ನೂ ಒಟ್ಟಿಗೆ ಕೇಳಿದ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ನೀಡಿದ ತೀರ್ಪು ನಮ್ಮ ಮುಖ್ಯಮಂತ್ರಿಯೊಬ್ಬರ ಹೆಸರಿನಲ್ಲಿ ಪ್ರಸಿದ್ಧವಾಯಿತು, ಮತ್ತು ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದೆಂದು ಆ ತೀರ್ಪು ಸಾರಿತು.

ಹಾಗೆಯೇ, ಭಾರತ ‘ಜಾತ್ಯತೀತವಾದದ್ದು’ 1976ರ 42ನೆಯ ತಿದ್ದುಪಡಿಯಿಂದ ಎಂಬ ಮಾತು. ಪ್ರಸ್ತಾವನೆಗೆ ಆ ಪದ ಸೇರಿದ್ದು ಆಗಲೇ, ನಿಜ. ಆದರೆ ಯಾವುದೇ ಒಂದು ಧರ್ಮದ ಪ್ರಚಾರಕ್ಕಾಗಿ ತೆರಿಗೆ ಕೊಡುವಂತೆ ಯಾರನ್ನೂ ಬಲವಂತಪಡಿಸಬಾರದೆನ್ನುವ 27ನೆಯ ಅನುಚ್ಛೇದವಾಗಲಿ, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆನ್ನುವ 28ನೆಯ ಅನುಚ್ಛೇದವಾಗಲಿ ಮೊದಲ ದಿನದಿಂದಲೇ ಇವೆ. ಇದಕ್ಕಿಂತ ನಿಮಗೆ ಉಪಯೋಗವಾಗುವ ಘಟನೆ 1949ರ ಅಕ್ಟೋಬರ್ 17ರದು. ಅಂದು ಸಂವಿಧಾನ ರಚನಾ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು, ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂಬ ಮಾತಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ಮಂಡಿಸಿದರು. ದೇವರನ್ನು ಮತದಾನಕ್ಕೆ ಹಾಕುವುದು ಬೇಡವೆಂದು ಸಭೆಯಲ್ಲಿ ಕೆಲವರು ಕೇಳಿಕೊಂಡರೂ ಕಾಮತರು ಹಿಂದೆಗೆಯಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದವು. ವಿರೋಧಿಸಿದವರಲ್ಲಿ ಆಸ್ತಿಕರೂ ಇದ್ದರು. ನಂಬಿಕೆಯ ವಿಷಯದಲ್ಲಿ ಒಬ್ಬರ ಮಾತನ್ನು ಎಲ್ಲರ ಮೇಲೆ ಹೇರಬಾರದೆಂಬುದು ಅಲ್ಲಿ ಕೇಳಿಬಂದ ವಾದ. ವಿಧಾನಸೌಧದ ಗೋಡೆಯ ಮೇಲಿನ ಸಾಲನ್ನು ಈ ಮತದಾನದ ಪಕ್ಕದಲ್ಲಿಟ್ಟು ನೀವು ಬರೆದಿದ್ದರೆ ನಿಮ್ಮ ಆರಂಭಕ್ಕೆ ಅರ್ಥ ಬರುತ್ತಿತ್ತು.

ಅಮೆರಿಕದ ಸಂವಿಧಾನದಲ್ಲಿ ಧರ್ಮವನ್ನೂ ಸರ್ಕಾರವನ್ನೂ ‘ಬೇರ್ಪಡಿಸುವ ಗೋಡೆ’ ಎಂಬ ಮಾತಿದೆಯೆಂದು ಬರೆದಿರುವುದೂ ತಪ್ಪು. ಆ ಮಾತು ಇರುವುದು ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರ ಜನವರಿ 1ರಂದು ಬರೆದ ಒಂದು ಪತ್ರದಲ್ಲಿ. ಪತ್ರ ಯಾರಿಗೆ ಹೋಯಿತೆಂಬುದು ಮುಖ್ಯ: ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಎಂಬ ಊರಿನ ಬ್ಯಾಪ್ಟಿಸ್ಟ್ ಪಂಥದವರಿಗೆ. ಆ ರಾಜ್ಯದಲ್ಲಿ ಬೇರೊಂದು ಪಂಥದ ಚರ್ಚಿಗೆ ಸರ್ಕಾರದ ಬೆಂಬಲವಿತ್ತು. ತಮ್ಮ ಧಾರ್ಮಿಕ ಸ್ವಾತಂತ್ರ್ಯ ಸರ್ಕಾರ ತೋರುವ ದಯೆಯಂತಾಗಿದೆಯೇ ಹೊರತು ಹಕ್ಕಾಗಿ ಉಳಿದಿಲ್ಲವೆಂದು ಇವರು ನೊಂದಿದ್ದರು. ಗೋಡೆ ಬೇಕಾಗಿದ್ದುದು ಭಕ್ತರಿಗೆ. ನಿಮ್ಮ ಲೇಖನದ ಉದ್ದಕ್ಕೂ ಈ ಬೇರ್ಪಡಿಕೆ ನಾಸ್ತಿಕರ ಬೇಡಿಕೆ ಎಂಬಂತೆ ಧ್ವನಿಸುತ್ತದೆ. ಇದೊಂದು ಸಂಗತಿ ಆ ಧ್ವನಿಯನ್ನು ಬದಲಿಸಬಹುದು. ‘ಮುಂದುವರಿದ ದೇಶಗಳೆಲ್ಲ ಧರ್ಮವನ್ನು ದೂರವಿಟ್ಟಿವೆ’ ಎಂಬ ವಾಕ್ಯವನ್ನು ಮಾತ್ರ ದಯವಿಟ್ಟು ತೆಗೆದುಹಾಕಿ. ಬ್ರಿಟನ್ನಿನ ಸಂಸತ್ತಿನ ಮೇಲ್ಮನೆಯಲ್ಲಿ ಇಂದಿಗೂ 26 ಬಿಷಪ್‌ಗಳಿಗೆ ಸ್ಥಾನವಿದೆ.

ಈಗ ದೇವಸ್ಥಾನಗಳ ಆಡಳಿತ ನೋಡಿಕೊಳ್ಳುವ ಮುಜರಾಯಿ ಇಲಾಖೆ. ಇದು ನಿಮ್ಮ ಲೇಖನದ ಹೃದಯವಾಗಬೇಕಿತ್ತು, ನೀವು ನಾಲ್ಕು ವಾಕ್ಯಗಳಲ್ಲಿ ಮುಗಿಸಿದ್ದೀರಿ. ತಸ್ತೀಕನ್ನು ‘ಸರ್ಕಾರ ದೇವಸ್ಥಾನಗಳಿಗೆ ಕೊಡುವ ದಾನ’ ಎಂದು ಕರೆದಿದ್ದೀರಿ. ಇನಾಂ ರದ್ದತಿಯಲ್ಲಿ ದೇವಸ್ಥಾನಗಳು ಕಳೆದುಕೊಂಡ ಜಮೀನಿಗೆ ಪ್ರತಿಯಾಗಿ ಪ್ರತಿವರ್ಷ ಸಲ್ಲುವ ಹಣ ಅದು. ಅದನ್ನು ದಾನವೆಂದರೆ ಹಳ್ಳಿಯ ಗುಡಿಯ ಅರ್ಚಕರೊಬ್ಬರು ನಿಮ್ಮ ಲೇಖನವನ್ನು ಅಲ್ಲಿಗೇ ಮಡಿಸಿಡುತ್ತಾರೆ. 2003ರಲ್ಲಿ ಜಾರಿಗೆ ಬಂದ 1997ರ ಧಾರ್ಮಿಕ ದತ್ತಿ ಕಾಯ್ದೆ ಮಠಗಳಿಗೆ ಅನ್ವಯಿಸುವುದಿಲ್ಲ. 2006ರಲ್ಲಿ ಹೈಕೋರ್ಟ್ ಆ ಕಾಯ್ದೆಯನ್ನೇ ಅಸಿಂಧುಗೊಳಿಸಿತ್ತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟೂ ನಿಮ್ಮಲ್ಲಿಲ್ಲ.

ಈ ವಿಷಯದಲ್ಲಿ ಇಡೀ ದೇಶಕ್ಕೆ ದಾರಿ ಹಾಕಿದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನಮ್ಮ ಕರಾವಳಿಯ ಪ್ರಕರಣಗಳವು. ಉಡುಪಿಯ ಶಿರೂರು ಮಠದ ಪ್ರಕರಣ 1954ರದು; ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಸಂಸ್ಥೆಯ ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು, ಆದರೆ ಧರ್ಮದ ಆಚರಣೆ ಯಾವುದೆಂದು ಹೇಳುವ ಸ್ವಾತಂತ್ರ್ಯ ಆ ಪಂಥದ್ದೇ ಎಂದು ನ್ಯಾಯಾಲಯ ಹೇಳಿತು. ಇಲಾಖೆಯ ಅಧಿಕಾರಿ ಯಾವಾಗ ಬೇಕಾದರೂ ಎಲ್ಲಿಗೆ ಬೇಕಾದರೂ ಒಳನುಗ್ಗಬಹುದೆಂಬ ನಿಯಮವನ್ನು ರದ್ದುಪಡಿಸಿತು. ಇನ್ನೊಂದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು, 1957ರಲ್ಲಿ ತೀರ್ಮಾನವಾದದ್ದು. ದೇವಸ್ಥಾನ ಗೌಡ ಸಾರಸ್ವತ ಸಮುದಾಯಕ್ಕೆ ಸೇರಿದ್ದೆಂದು ಒಪ್ಪಿದ ನ್ಯಾಯಾಲಯ, ಕೆಲವು ವಿಧಿಗಳನ್ನು ಆ ಸಮುದಾಯಕ್ಕೇ ಬಿಟ್ಟುಕೊಟ್ಟು, ದರ್ಶನದ ಬಾಗಿಲನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯಬೇಕೆಂದಿತು. ಗರ್ಭಗುಡಿಗೆ ನುಗ್ಗುವ ಅಧಿಕಾರಿಯನ್ನು ತಡೆದದ್ದೂ, ಹೊರಗೆ ನಿಂತವರನ್ನು ಒಳಗೆ ಬಿಟ್ಟದ್ದೂ ಒಂದೇ ಸಂವಿಧಾನ. ಸರ್ಕಾರ ಧರ್ಮವನ್ನು ‘ಸಂಪೂರ್ಣವಾಗಿ’ ಬಿಡಬೇಕೆಂಬ ನಿಮ್ಮ ಕೊನೆಯ ಬೇಡಿಕೆ ಈಡೇರಿದ್ದರೆ ಮೂಲ್ಕಿಯ ಆ ಬಾಗಿಲು ತೆರೆಯುತ್ತಿರಲಿಲ್ಲ. ದಲಿತರ ದೇವಸ್ಥಾನ ಪ್ರವೇಶವನ್ನು ಕುರಿತು ಒಂದು ಸಾಲೂ ಇಲ್ಲದೆ ಕರ್ನಾಟಕದಲ್ಲಿ ಧರ್ಮ ಮತ್ತು ಸರ್ಕಾರವನ್ನು ಕುರಿತು ಬರೆಯುವುದು ಸರಿಯಲ್ಲ, ಮತ್ತು ನಿಮ್ಮ ಲೇಖನದ ಬಗ್ಗೆ ನನಗೆ ಅತ್ಯಂತ ಬೇಸರ ತಂದ ಸಂಗತಿ ಇದೇ.

ಹಿಂದೂ ದೇವಸ್ಥಾನಗಳಿಗೆ ಮಾತ್ರ ಏಕೆ ಇಲಾಖೆ ಎಂಬ ಪ್ರಶ್ನೆಯನ್ನು ನೀವು ‘ಕೋಮುವಾದಿಗಳ ಪ್ರಶ್ನೆ’ ಎಂದು ತಳ್ಳಿಹಾಕಿದ್ದೀರಿ. ಅದು ನ್ಯಾಯವಾದ ಪ್ರಶ್ನೆ, ಅನೇಕ ಸಜ್ಜನರು ಕೇಳುವ ಪ್ರಶ್ನೆ. ಅರಸರ ಕಾಲದ ಮುಜರಾಯಿ ಆಡಳಿತ ಹಾಗೆಯೇ ಮುಂದುವರಿದದ್ದು, ಇನಾಂ ಭೂಮಿಯ ಇತಿಹಾಸ, ಪ್ರವೇಶ ನಿಷೇಧದ ವಿರುದ್ಧದ ಹೋರಾಟ, ವಕ್ಫ್ ಆಸ್ತಿಗಳಿಗೂ ಕಾನೂನಿನಿಂದ ರಚಿತವಾದ ಮಂಡಳಿ ಇರುವುದು, ಇವೆಲ್ಲ ಉತ್ತರದ ಭಾಗಗಳು. ಇಷ್ಟನ್ನು ಹೇಳಿದ ಮೇಲೂ ಪ್ರಶ್ನೆಯ ಸ್ವಲ್ಪ ಭಾಗ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಉಳಿದಿದೆ ಎಂದೇ ಬರೆಯಿರಿ. ಲೆಕ್ಕಪತ್ರ ಮತ್ತು ಬಾಗಿಲು ಇವೆರಡರ ಬಳಿ ಸರ್ಕಾರ ನಿಲ್ಲಬೇಕು, ಪೂಜೆಯ ಬಳಿ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ನಿಮ್ಮದು ಬೇರೆಯಾಗಿದ್ದರೆ ಕಾರಣ ಕೊಟ್ಟು ಬರೆಯಿರಿ, ಪ್ರಕಟಿಸುತ್ತೇನೆ.

ಇನ್ನು ಆ ಏಳನೆಯ ಪುಟ. ನೀವು ಕೆಲಸ ಮಾಡುವ ಸರ್ಕಾರಿ ಕಚೇರಿಯಲ್ಲಿ ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಅರಿಸಿನ ಕುಂಕುಮ ಹಚ್ಚಿ, ಜೀಪಿನ ಮುಂದೆ ಬೂದುಗುಂಬಳಕಾಯಿ ಒಡೆದು, ಎಲ್ಲರಿಂದ ತಲಾ ಇಷ್ಟೆಂದು ಹಣ ಕೂಡಿಸಿದ್ದನ್ನೂ, ನಿಮ್ಮ ಪಕ್ಕದ ಮೇಜಿನ ಸಹೋದ್ಯೋಗಿ ಹಣ ಕೊಟ್ಟು, ಪೂಜೆ ಮುಗಿಯುವವರೆಗೆ ಕಡತವೊಂದನ್ನು ಹಿಡಿದು ಮೆಟ್ಟಿಲ ಬಳಿ ನಿಂತಿದ್ದನ್ನೂ, ನೀವು ಆಕೆಯನ್ನು ಏನೂ ಕೇಳದೆ ಪ್ರಸಾದದ ಪೊಟ್ಟಣವನ್ನು ಆಕೆಯ ಮೇಜಿನ ಮೇಲಿಟ್ಟು ಬಂದದ್ದನ್ನೂ ಐದು ವಾಕ್ಯಗಳಲ್ಲಿ ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಇದೊಂದೇ. ಆ ಕಚೇರಿಯಲ್ಲಿ ಯಾರಿಗೂ ದ್ವೇಷವಿರಲಿಲ್ಲ, ಸೌಹಾರ್ದಕ್ಕೆ ಕೊರತೆಯಿರಲಿಲ್ಲ, ಆದರೂ ಸರ್ಕಾರದ ಕೊಠಡಿಯಿಂದ ಸರ್ಕಾರದ ನೌಕರರೊಬ್ಬರು ಅರ್ಧ ಗಂಟೆ ಹೊರಗೆ ನಿಲ್ಲಬೇಕಾಯಿತು. ವರ್ಷವಿಡೀ ದುಡಿಸಿಕೊಂಡ ಸಲಕರಣೆಗೆ ಕೈಮುಗಿಯುವುದರಲ್ಲಿ ಒಂದು ಕೃತಜ್ಞತೆ ಇದೆಯೆಂಬುದನ್ನೂ ನಾನು ಮರೆತಿಲ್ಲ. ಪೂಜೆ ಮಾಡಿದವರನ್ನು ಕೀಳಾಗಿ ಕಾಣದೆಯೇ ಈ ದೃಶ್ಯವನ್ನು ಬರೆಯಬೇಕಾಗುತ್ತದೆ.

ಲೇಖನವನ್ನು ಅಲ್ಲಿಂದ ಆರಂಭಿಸಿ. ಕರಗ, ಶೃಂಗೇರಿ ಎರಡನ್ನೂ ಬಿಡಿ. ಮೂಲ್ಕಿ ಮತ್ತು ಉಡುಪಿಯ ತೀರ್ಪುಗಳನ್ನು ಓದಿ ಸೇರಿಸಿಕೊಳ್ಳಿ. ಒಂದೂವರೆ ಸಾವಿರ ಪದಗಳನ್ನು ಮೀರುವುದು ಬೇಡ. ಬರೆಯುವ ಮೊದಲು ಆ ಸಹೋದ್ಯೋಗಿಯನ್ನು ಕೇಳಿ: ಅಂದು ಹೊರಗೆ ಹೋದದ್ದೇಕೆ, ಹಣ ಕೊಟ್ಟದ್ದು ಮನಸ್ಸಿನಿಂದಲೋ ಮುಲಾಜಿನಿಂದಲೋ. ಅವರ ಹೆಸರು, ಕಚೇರಿಯ ಹೆಸರು ಬೇಡ. ತಮಗೆ ಅದರಿಂದ ಏನೂ ಅನ್ನಿಸಲಿಲ್ಲವೆಂದು ಅವರು ಹೇಳಿದರೆ, ಅಥವಾ ಈ ಬಗ್ಗೆ ಮಾತಾಡಲು ಇಷ್ಟವಿಲ್ಲವೆಂದರೆ, ಅದನ್ನೂ ಇದ್ದಂತೆಯೇ ಬರೆದು ಕಳುಹಿಸಿ. ನವರಾತ್ರಿಯ ಮೊದಲು ತಲುಪಿದರೆ ಆ ತಿಂಗಳ ಸಂಚಿಕೆಗೆ ಪರಿಶೀಲಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ
ಬೆಂಗಳೂರು