ಅವ್ವ ಕೊಟ್ಟ ಕಪ್ಪು-ಬಸಿ

ನಿಮ್ಮ ಪತ್ರ ಬಂದು ನಾಲ್ಕು ದಿನ ಆಯ್ತು. ಬೆಳಿಗ್ಗೆ ಚಹಾ ಕೈಗೆ ಬಂದಾಗೆಲ್ಲ ಅದೇ ನೆನಪು.

ಉಳಿದ ಓದುಗರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇವರು ವಿಜಯಪುರ ಜಿಲ್ಲೆಯ ಹಳ್ಳಿಯವರು, ವಯಸ್ಸು 29. ಆ ಕಡೆ ಸೈಕ್ಲಿಂಗ್ ಅಂದ್ರೆ ಮಕ್ಕಳಿಗೆ ನೌಕರಿಯ ದಾರಿ. ಹನ್ನೊಂದನೇ ವಯಸ್ಸಿಗೆ ಕ್ರೀಡಾ ಹಾಸ್ಟೆಲ್ ಸೇರಿದರು. ಪದಕ ಬಂದವು, ಕ್ರೀಡಾ ಕೋಟಾದಲ್ಲಿ ಕೆಲಸವೂ ಸಿಕ್ಕಿತು. ಸೈಕಲ್ ಹೊಡೆಯುವುದಕ್ಕೇ ಸಂಬಳ. ಆಫೀಸಿನಲ್ಲಿ ಗೆಳೆಯರಿಲ್ಲ. ಟ್ರ್ಯಾಕಿನಲ್ಲಿ ಇಪ್ಪತ್ತರ ಹುಡುಗರು ಹಿಂದೆಯೇ ಬರುತ್ತಿದ್ದಾರೆ. ‘ನಾನು ಯಾರಿಗೆ ಸೇರಿದವನು? ಇಷ್ಟು ವರ್ಷ ಯಾಕೆ ತುಳಿದೆ? ಎಲ್ಲ ಬಿಟ್ಟುಬಿಡಲಾ?’ ಇದು ಅವರ ಪ್ರಶ್ನೆ.

ನೀವು ಒಂದಿಡೀ ಪುಟ ಟೀಮ್ ಪರ್ಸ್ಯೂಟ್ ಅನ್ನುವ ಟ್ರ್ಯಾಕ್ ಸೈಕಲ್ ರೇಸಿನ ಬಗ್ಗೆ ಬರೆದಿದ್ದೀರಿ. ನಾಲ್ಕು ಜನ, 4 ಕಿಲೋಮೀಟರ್. ಗಡಿಯಾರ ನಿಲ್ಲುವುದು ಮೂರನೆಯವನು ಗೆರೆ ದಾಟಿದಾಗ. ಹಾಗಾಗಿ ನಾಲ್ಕನೆಯವನು ಗಾಳಿಗೆ ಎದೆ ಕೊಟ್ಟು, ಇದ್ದಬದ್ದ ಶಕ್ತಿ ಸುರಿದು, ಪಕ್ಕಕ್ಕೆ ಸರಿಯಬಹುದು. ಆ ನಾಲ್ಕನೆಯವನು ನೀವು. ನೋವು ಅಲ್ಲಿದೆ ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗೆ ಅನ್ನಿಸಲಿಲ್ಲ. ಹಿಂದಿನವರ ಉಸಿರಿನ ಸದ್ದು ಕೇಳಿಯೇ ಯಾರಿಗೆ ಎಷ್ಟು ಸುಸ್ತಾಗಿದೆ ಅಂತ ಗೊತ್ತಾಗುತ್ತೆ ಅಂದಿದ್ದೀರಿ. ಆ ಮೂವರು ನಿಮ್ಮವರೇ. ಅಲ್ಲಿ ನಿಮಗೆ ಜಾಗ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು. ‘ಊರಿಗೆ ಹೋದರೆ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಎಲ್ಲರೂ ಸ್ಟೀಲ್ ಲೋಟದಲ್ಲಿ ಚಹಾ ಕುಡಿದರೆ ನನಗೆ ಮಾತ್ರ ಅವ್ವ ಕಪ್ಪು-ಬಸಿ ತೆಗೆಯುತ್ತಾಳೆ’ ಅಂತ ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಕಪ್ಪು-ಬಸಿ, ಅಂದ್ರೆ ಕಪ್ ಸಾಸರ್, ಯಾರಿಗೆ ತೆಗೆಯುತ್ತಾರೆ? ಬೀಗರಿಗೆ, ಮಾಸ್ತರರಿಗೆ, ಬಂದು ಹೋಗುವವರಿಗೆ. ಅವ್ವನ ತಪ್ಪಲ್ಲ ಇದು. ಸಕ್ಕರೆ ಬೇಡ, ತುಪ್ಪ ಬೇಡ, ರೊಟ್ಟಿ ಎರಡೇ ಸಾಕು ಅನ್ನುವ ಮಗನ ಮುಂದೆ ಆ ತಾಯಿ ಏನು ಇಡಬೇಕು ಅಂತ ತಿಳಿಯದೆ, ಮನೆಯಲ್ಲಿದ್ದ ಒಳ್ಳೆಯ ಪಾತ್ರೆ ತೆಗೆದಿದ್ದಾರೆ.

ನನಗೆ ಸಿಟ್ಟಿರುವುದು ನಿಮ್ಮ ಹಳೆಯ ಕೋಚ್ ಮೇಲೆ. ‘ಊರಿಗೆ ಹೋದರೆ ಕಾಲು ಕೆಡುತ್ತೆ’ ಅಂತ ಹಬ್ಬಕ್ಕೂ ಬಿಡಲಿಲ್ಲವಂತೆ. ನೀವು ಈಗಲೂ ಅವರನ್ನು ದೇವರು ಅನ್ನುತ್ತೀರಿ. ನಾನು ಅನ್ನಲಾರೆ. ಮಕ್ಕಳನ್ನು ಎಳೆ ವಯಸ್ಸಿಗೆ ಮನೆ ಬಿಡಿಸಬೇಡಿ ಅಂತ ನಾನು ಇಲ್ಲಿ ಮತ್ತೆ ಮತ್ತೆ ಬರೆಯುತ್ತೇನೆ. ಬಿಡಿಸಲೇಬೇಕಾದರೆ ಹಬ್ಬಕ್ಕಾದರೂ ಕಳಿಸಿ. ಹನ್ನೊಂದರ ಹುಡುಗನಿಗೆ ನಾಲ್ಕು ದಿನ ಹೋಳಿಗೆ ತಿಂದರೆ ಯಾವ ಕಾಲೂ ಕೆಡುವುದಿಲ್ಲ.

ಬಿಡಬೇಕೋ ಬೇಡವೋ ಅನ್ನುವುದನ್ನು ಈಗ ತೀರ್ಮಾನಿಸಬೇಡಿ. ನೆದರ್‌ಲ್ಯಾಂಡ್ಸ್‌ನ ಟಾಮ್ ಡ್ಯೂಮುಲಾ ಹೆಸರು ನಿಮಗೆ ಗೊತ್ತೇ ಇರುತ್ತೆ, ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೋ ದ ಇಟಾಲಿಯಾವನ್ನು 2017ರಲ್ಲಿ ಗೆದ್ದವರು. 2021ರ ಜನವರಿಯಲ್ಲಿ ತಂಡದ ಶಿಬಿರ ಬಿಟ್ಟು ಮನೆಗೆ ಹೋದರು. ತನಗೆ ಏನು ಬೇಕು ಅಂತಲೇ ತಿಳಿಯುತ್ತಿಲ್ಲ ಅಂದರು. ಸಂಬಳವಿಲ್ಲದ ರಜೆ. ಕೆಲವು ತಿಂಗಳ ಮೇಲೆ ತಾವಾಗಿಯೇ ವಾಪಸ್ ಬಂದರು, ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ಸೈಕ್ಲಿಂಗ್ ಬಿಟ್ಟೇ ಬಿಟ್ಟರು. ಎರಡೂ ಸರಿಯೇ. ಬೆಳ್ಳಿಗಿಂತ ನನಗೆ ಅವರು ಮೊದಲು ಮನೆಗೆ ಹೋಗಿದ್ದು ಮುಖ್ಯ ಅನ್ನಿಸುತ್ತೆ.

ನಿಮಗೆ ನಾನು ಹೇಳುವುದು ಒಂದೇ. ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ. ಹದಿನೈದು ದಿನ ಇರಿ. ಸೈಕಲ್ ಬೇಡ, ಕಿಲೋಮೀಟರ್ ಎಣಿಸುವ ವಾಚೂ ಬೇಡ. ಹದಿನೆಂಟು ವರ್ಷದಿಂದ ಹೊಲದಲ್ಲಿ ಚರಗ (ಭೂತಾಯಿಗೆ ಅರ್ಪಿಸುವ ಎಡೆ) ಚೆಲ್ಲಿಲ್ಲ ಅಂತ ನೀವೇ ಬರೆದಿದ್ದೀರಲ್ಲ, ಈ ಸಲ ಬುತ್ತಿ ಗಂಟು ನೀವೇ ಹೊರಿ. ಜೋಳದ ನಡುವೆ ಕೂತು ಸಜ್ಜಿ ರೊಟ್ಟಿ, ಭಜ್ಜಿ ಎಷ್ಟು ಕೊಡುತ್ತಾರೋ ಅಷ್ಟೂ ತಿನ್ನಿ. ಲೆಕ್ಕ ಇಡಬೇಡಿ.

ಮತ್ತೆ ಮೊದಲ ದಿನ ಬೆಳಿಗ್ಗೆ, ಅವ್ವನ ಕೈ ಕಪ್ಪು-ಬಸಿಗೆ ಹೋಗುವ ಮೊದಲೇ ಒಳಗೆ ಹೋಗಿ, ಒಂದು ಸ್ಟೀಲ್ ಲೋಟ ತಗೊಂಡು ಒಲೆ ಮುಂದೆ ಕೂತುಕೊಳ್ಳಿ. ಸಕ್ಕರೆ ಜಾಸ್ತಿ ಹಾಕವ್ವ ಅನ್ನಿ.