ಪತ್ರಮಿತ್ರರ ಕ್ಲಬ್ಬು: ಮೊದಲ ಕವರ್ ಯಾರಿಗೆ?

ಪ್ರಶ್ನೆ: ಸರ್, ನಾನು ಶಿರಸಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ಆರು, ಏಳನೇ ತರಗತಿ ಮಕ್ಕಳಿಗೆ ವಿದೇಶದ ಮಕ್ಕಳ ಜೊತೆ ಪತ್ರಮೈತ್ರಿ ಮಾಡಿಸುವ ಆಸೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಗುರುತಿಲ್ಲದವರ ವಿಳಾಸಗಳೇ ಸಿಗುತ್ತವೆ. ಪೋಷಕರಿಗೂ ಹೆದರಿಕೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪೋಷಕರು ಹೆದರುವುದು ಸರಿಯಾಗಿಯೇ ಇದೆ ಟೀಚರ್. ಒಂದೊಂದು ಮಗುವಿಗೂ ಒಬ್ಬೊಬ್ಬ ಗೆಳೆಯನನ್ನು ಹುಡುಕಬೇಡಿ. ನಿಮ್ಮ ತರಗತಿಗೆ ಅಲ್ಲಿನ ಒಂದು ತರಗತಿ ಹುಡುಕಿ. ಆ ಕಡೆಯೂ ನಿಮ್ಮಂಥ ಟೀಚರ್ ಒಬ್ಬರು ಇರಲೇಬೇಕು. ಎಲ್ಲರ ಕಾಗದ ಒಂದೇ ಕವರಿನಲ್ಲಿ ಹೋಗಲಿ, ಉತ್ತರವೂ ಹಾಗೇ ಬರಲಿ. ಅಂಚೆ ಕೌಂಟರಿನಲ್ಲಿ ನೌಕರಿ ಮುಗಿಸಿದವನು ನಾನು. ‘ಅವಳಿಗೆ ಬಂತು, ನಂಗ್ಯಾಕೆ ಬರ್ಲಿಲ್ಲ?’ ಅಂತ ಮುಖ ಸಣ್ಣದು ಮಾಡಿಕೊಂಡು ನಿಲ್ಲುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ತರಗತಿ ಎಲ್ಲಿ ಸಿಗುತ್ತೆ? ಅಮೆರಿಕದ ಹಲವು ಊರುಗಳಲ್ಲಿ ಕನ್ನಡಿಗರು ವಾರಾಂತ್ಯಕ್ಕೆ ‘ಕನ್ನಡ ಕಲಿ’ ತರಗತಿ ನಡೆಸುತ್ತಾರೆ. ನಿಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರನ್ನು ವಿಚಾರಿಸಿ. ಆ ಮಕ್ಕಳಿಗೆ ಕನ್ನಡ ಓದಲು ಏನಾದರೂ ನೆಪ ಬೇಕು, ನಿಮ್ಮವರಿಗೆ ಇಂಗ್ಲಿಷಿನ ಅಂಜಿಕೆ ಇರಲ್ಲ. ಅಕ್ಷರ ದುಂಡಗೆ, ದೊಡ್ಡದಾಗಿರಲಿ, ಅಷ್ಟೇ. ಜೂನ್, ಜುಲೈನಲ್ಲಿ ಅಲ್ಲಿ ಬೇಸಿಗೆ ರಜೆ. ಆಗಸ್ಟ್ ಕೊನೆಗೆ ಕಳಿಸಿ. ಬೇರೆ ಭಾಷೆಯ ದೇಶ ಮುಂದಿನ ವರ್ಷ ನೋಡಿಕೊಳ್ಳಿ.

ಬೋರ್ಡಿನ ಮೇಲೆ ಮಾದರಿ ಪತ್ರ ಮಾತ್ರ ಬರೆಯಬೇಡಿ. ಎಲ್ಲರೂ ‘ನಾನು ಕ್ಷೇಮ, ನೀನು ಕ್ಷೇಮವೇ’ ಅಂತ ಬರೆದರೆ ಓದುವವರ ಗತಿ ಏನು? ಪ್ರತಿ ಕಾಗದದಲ್ಲೂ ಅದೇ ಮಗುವಿಗೆ ಹುಟ್ಟಿದ ಒಂದು ಪ್ರಶ್ನೆ ಇರಲಿ. ‘ನಿಮ್ಮ ಶಾಲೇಲಿ ಗಂಟೆ ಹೊಡೆಯೋದು ಯಾರು?’ ‘ಮಳೆ ಜಾಸ್ತಿ ಬಂದ್ರೆ ರಜಾ ಕೊಡ್ತಾರಾ?’ ಇಂಥವಕ್ಕೆ ಉತ್ತರ ಬಂದೇ ಬರುತ್ತೆ. ಕೆಳಗೆ ಮಗುವಿನ ಹೆಸರು, ಶಾಲೆಯ ವಿಳಾಸ ಸಾಕು. ಮನೆ ವಿಳಾಸ, ಫೋನ್ ನಂಬರ್ ಬೇಡವೇ ಬೇಡ.

ಕವರಿನೊಳಗೆ ಏನು ತುರುಕುತ್ತಾರೆ ಅಂತ ಒಮ್ಮೆ ನೋಡಿ. ಒಬ್ಬರಾದರೂ ನವಿಲುಗರಿ ತರುತ್ತಾರೆ. ಅದನ್ನು ದೇಶದಾಚೆ ಕಳಿಸುವ ಹಾಗಿಲ್ಲ. ನಿಮ್ಮ ಕಡೆ ಅಡಿಕೆಯೂ ಬರಬಹುದು! ಬೀಜ, ಮಣ್ಣು, ಒಣಗಿಸಿದ ಎಲೆ, ನೋಟು ಯಾವುದೂ ಬೇಡ. ಬಸ್ ಟಿಕೆಟ್, ಚಾಕೊಲೇಟ್ ಹಾಳೆ, ಬಳಸಿದ ಸ್ಟಾಂಪು, ಮಕ್ಕಳೇ ಬಿಡಿಸಿದ ಊರಿನ ನಕ್ಷೆ ಇಡಿ.

ನೀಲಿ ಇನ್‌ಲ್ಯಾಂಡ್ ಕಾಗದ ವಿದೇಶಕ್ಕೆ ಹೋಗಲ್ಲ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ದೇಶದ ಹೆಸರನ್ನು ಕೊನೆ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಹಾಕಿ. ದರ ನಿಲ್ಲುವುದು ತೂಕದ ಮೇಲೆ. ಹಾಗಾಗಿ ಅಂದಾಜಿಗೆ ಸ್ಟಾಂಪು ಅಂಟಿಸದೆ ಕೌಂಟರಿನಲ್ಲಿ ತೂಗಿಸಿ.

ಹೋಗಿ ಬರಲು ಎರಡು ತಿಂಗಳಾದರೂ ಗಾಬರಿಯಾಗಬೇಡಿ. ಅಷ್ಟರಲ್ಲಿ ಇನ್ನೊಂದು ಕೆಲಸ ಇದೆ. ವಿಶ್ವ ಅಂಚೆ ಒಕ್ಕೂಟ 1971ರಿಂದ ಮಕ್ಕಳಿಗೆ ಅಂತರರಾಷ್ಟ್ರೀಯ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತಿದೆ. 9ರಿಂದ 15 ವರ್ಷದವರಿಗೆ. ನಮ್ಮಲ್ಲಿ ಅಂಚೆ ಇಲಾಖೆಯೇ ನಡೆಸಿಕೊಡುತ್ತದೆ. ಈ ಸಲದ ವಿಷಯ ಏನೆಂದು ಹೆಡ್ ಪೋಸ್ಟ್ ಆಫೀಸಿನಲ್ಲಿ ಕೇಳಿ.