ಬಾಗಿಲ ಹತ್ತಿರದ ಬ್ಯಾಗು ಅಲ್ಲೇ ಇರಲಿ

ಓದುಗರೊಬ್ಬರ ಪತ್ರ: 2018ರ ಆಗಸ್ಟ್ ಮಳೆಗೆ ಮಡಿಕೇರಿ ತಾಲ್ಲೂಕಿನಲ್ಲಿ ಗುಡ್ಡದ ಬರೆ ಕುಸಿದು ನಮ್ಮ ಮನೆ, ತೋಟ ಎರಡೂ ಹೋದವು. ಈಗ ಪುನರ್ವಸತಿ ಮನೆಯಲ್ಲಿದ್ದೇವೆ. ಆಗ ಒಂದನೇ ಕ್ಲಾಸಿನಲ್ಲಿದ್ದ ಮಗ ಈಗ ಎಂಟನೇ ಕ್ಲಾಸು. ಜೋರು ಮಳೆ ಬಂದರೆ ನಿದ್ದೆ ಮಾಡುವುದಿಲ್ಲ, ಬ್ಯಾಗು ತುಂಬಿ ಬಾಗಿಲ ಹತ್ತಿರ ಇಡುತ್ತಾನೆ. ಹಳೇ ಜಾಗ ನೋಡಬೇಕು ಅನ್ನುತ್ತಾನೆ. ಆ ಮಾತೆತ್ತಿದರೆ ಇವರು ಎದ್ದು ಹೋಗುತ್ತಾರೆ. ‘ಇಷ್ಟು ವರ್ಷ ಆಯ್ತಲ್ಲ, ಮರೆತುಬಿಡಿ’ ಅನ್ನುತ್ತಾರೆ ಎಲ್ಲರೂ. ಏನು ಮಾಡಲಿ?

ಸಂಪಾದಕರ ಉತ್ತರ: ನಮಸ್ಕಾರ. ಮರೆಯುವುದು ಹೇಗೆ ಹೇಳಿ? 2019ರಲ್ಲಿ ನಿಮ್ಮ ಕೊಡಗಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2022ರಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿತು, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಅದೇ ತಿಂಗಳ ಕೊನೆಗೆ ಪಕ್ಕದ ವಯನಾಡು, ಅದನ್ನಂತೂ ಟೀವಿಯಲ್ಲಿ ದಿನವಿಡೀ ತೋರಿಸಿದರು. ಇಷ್ಟೆಲ್ಲ ನೋಡಿಕೊಂಡು ಬೆಳೆದ ಹುಡುಗ ಮಳೆಗೆ ಹೆದರದೆ ಇರುತ್ತಾನಾ? ಅವನ ಭಯಕ್ಕೆ ಕಾರಣ ಇದೆ. ಅದನ್ನು ಮೊದಲು ಅವನ ಎದುರೇ ಒಪ್ಪಿಕೊಳ್ಳಿ.

‘ಏನೂ ಆಗಲ್ಲ, ಮಲಗು’ ಅಂತ ಮಾತ್ರ ಹೇಳಬೇಡಿ. ಆಗಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ, ಅಲ್ವಾ? ‘ಆದರೆ ನಾವು ಹೀಗೆ ಮಾಡೋಣ’ ಅನ್ನಿ. ಆ ಬ್ಯಾಗು ಬಿಚ್ಚಬೇಡಿ, ಒಂದು ಸಂಜೆ ಅವನ ಜೊತೆ ಕೂತು ನೀವೂ ತುಂಬಿ. ಟಾರ್ಚು, ಆಧಾರ್, ರೇಷನ್ ಕಾರ್ಡು, ಅವನ ಮಾರ್ಕ್ಸ್ ಕಾರ್ಡು, ಅಜ್ಜಿಯ ಮಾತ್ರೆ. ಯಾವ ದಾರಿಯಲ್ಲಿ ಹೋಗುವುದು, ಯಾರಿಗೆ ಫೋನ್ ಮಾಡುವುದು, ಅದನ್ನೂ ಮಾತಾಡಿಕೊಳ್ಳಿ. ನಿಮ್ಮ ಕಡೆ ತೋಟದವರು ದಿನಾ ಬೆಳಿಗ್ಗೆ ಮಳೆ ಅಳೆದು ಇಂಚಿನ ಲೆಕ್ಕದಲ್ಲಿ ಬರೆದಿಡುತ್ತಾರಲ್ಲ, ಆ ಕೆಲಸ ಇವನಿಗೆ ಕೊಡಿ. ರಾತ್ರಿಯಿಡೀ ಕಿವಿಗೊಟ್ಟು ಕೂರುವ ಬದಲು ಬೆಳಿಗ್ಗೆ ಎದ್ದು ಅಳೆಯಲಿ. ಕೈಗೊಂದು ಕೆಲಸ ಸಿಕ್ಕರೆ ಭಯ ಸ್ವಲ್ಪ ತಗ್ಗುತ್ತದೆ.

ನಿಮ್ಮ ಯಜಮಾನರ ಬಗ್ಗೆ ನೀವು ಬರೆದಿದ್ದು ಒಂದೇ ಸಾಲು. ನನಗೆ ಅದೇ ಜಾಸ್ತಿ ಕಾಡಿತು. ಬೆಳೆ ಹಾಳಾದರೆ ಮತ್ತೆ ನೆಡಬಹುದು, ಅಲ್ಲಿ ನೆಡುವುದಕ್ಕೆ ಮಣ್ಣೇ ಉಳಿಯಲಿಲ್ಲ. ಗಂಡಸರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಆದರೆ ಅಪ್ಪ ಎದ್ದು ಹೋದಾಗಲೆಲ್ಲ ಮಗ ಅಂದುಕೊಳ್ಳುವುದು, ಇದು ಮಾತಾಡಬಾರದ ವಿಷಯ ಅಂತ. ಅವರ ಬಾಯಿ ಬಿಡಿಸಲು ಹೋಗಬೇಡಿ. ಒಂದು ಕಾಫಿ ಗಿಡದ ಬಗ್ಗೆಯೋ, ಕರಿಮೆಣಸಿನ ಬಳ್ಳಿಯ ಬಗ್ಗೆಯೋ ಸುಮ್ನೆ ಕೇಳಿ ನೋಡಿ, ಮಗನೂ ಅಲ್ಲೇ ಇರಲಿ.

1993ರ ಲಾತೂರು ಭೂಕಂಪ, 2001ರ ಭುಜ್, 2004ರ ಸುನಾಮಿ, ಇವೆಲ್ಲ ಆದಾಗ ನಮ್ಮ ನಿಮ್ಹಾನ್ಸ್‌ನವರು ಅಲ್ಲಿಗೆ ಹೋಗಿ ಕೆಲಸ ಮಾಡಿದ್ದಾರೆ. ಡಾಕ್ಟರುಗಳ ಮೇಲೇ ಎಲ್ಲ ಬಿಡದೆ ಊರಿನವರಿಗೇ ತರಬೇತಿ ಕೊಟ್ಟರು, ಜನರ ಮಾತು ಕೇಳಿಸಿಕೊಳ್ಳುವುದು ಹೇಗೆ ಅಂತ. ಹಾಗಾಗಿ ಅವನ ಕ್ಲಾಸ್ ಟೀಚರಿಗೂ ವಿಷಯ ಹೇಳಿಡಿ. ಮಳೆಗಾಲದಲ್ಲಿ ಅವನು ಬೆಂಚಿನ ಮೇಲೆ ತೂಕಡಿಸಿದರೆ ಬೈಯುವುದು ಬೇಡ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನುವ ಮಾತು ಬಂತು ಅಂದರೆ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲೇ ಮಾತಾಡಬಹುದು. ಯಜಮಾನರಿಗೂ ಅದೇ ನಂಬರು.

ಇನ್ನು ಹಳೇ ಜಾಗ. ಕರೆದುಕೊಂಡು ಹೋಗಿ, ಆದರೆ ಮಳೆಗಾಲದಲ್ಲಿ ಬೇಡ, ಜನವರಿ ಬಿಸಿಲಿನಲ್ಲಿ. ಯಜಮಾನರನ್ನೂ ಕರೆಯಿರಿ, ಬರದಿದ್ದರೆ ಒತ್ತಾಯ ಬೇಡ, ಅವನ ಸೋದರಮಾವ ಬಂದರೂ ಸಾಕು. ಎಲ್ಲಿ ಅಡುಗೆಮನೆ ಇತ್ತು, ಎಲ್ಲಿ ಕೊಟ್ಟಿಗೆ ಇತ್ತು ಅಂತ ಅವನು ಕೇಳುತ್ತಾನೆ. ಗೊತ್ತಿದ್ದಷ್ಟು ತೋರಿಸಿ. ನಿಮಗೆ ಅಳು ಬಂದರೆ ಅವನೆದುರೇ ಅತ್ತುಬಿಡಿ, ತಪ್ಪೇನಿಲ್ಲ.